ಕಾಶ್ಮೀರದ ಸರೋವರಗಳ ದಾರಿ: ಗೈಡ್ ಇರುವ ಗುಂಪಿನ ಜೊತೆ ಒಂದು ವಾರದ ಟ್ರೆಕ್‌ಗೆ ಸಮಗ್ರ ಮಾರ್ಗದರ್ಶಿ

ಸೋನಮಾರ್ಗ್‌ನಲ್ಲಿ ಹತ್ತಿ ನಾರಾನಾಗ್‌ನಲ್ಲಿ ಇಳಿಯುವ ದಾರಿ ಇದು. ಒಟ್ಟು 70ರಿಂದ 75 ಕಿಲೋಮೀಟರ್ ನಡಿಗೆ, ಮಧ್ಯೆ ಮೂರು ಪಾಸ್‌ಗಳು (ಬೆಟ್ಟದ ಸಾಲನ್ನು ದಾಟುವ ಎತ್ತರದ ಜಾಗಗಳು), ಮತ್ತು ಹೆಚ್ಚುಕಮ್ಮಿ ದಿನಕ್ಕೊಂದು ಸರೋವರ. ಟ್ರೆಕ್ಕಿಂಗ್ ಮಾಡುವವರು ಇದನ್ನು ಕಾಶ್ಮೀರ್ ಗ್ರೇಟ್ ಲೇಕ್ಸ್ ಅಥವಾ ಸುಮ್ನೆ ಕೆಜಿಎಲ್ ಅಂತಾರೆ. ನಾನು ಎರಡು ಸಲ ಹೋಗಿದ್ದೇನೆ, ಎರಡು ಸಲವೂ ಗುಂಪಿನ ಜೊತೆ. ಮೊದಲ ಸಲ ಎರಡನೇ ದಿನದ ಸಂಜೆ ನನಗೆ ತಲೆನೋವು ಶುರುವಾಯಿತು. ಹೇಳಿದರೆ ವಾಪಸ್ ಕಳಿಸಿಬಿಡುತ್ತಾರೇನೋ ಅಂತ ಹೆದರಿ ಯಾರಿಗೂ ಹೇಳಲಿಲ್ಲ. ರಾತ್ರಿ ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ. ಬೆಳಿಗ್ಗೆ ಗೈಡ್ ಮುಖ ನೋಡಿಯೇ ಗುರುತು ಹಿಡಿದರು. ಕೂರಿಸಿ, ಬಿಸಿನೀರು ಕುಡಿಸಿ, ಆಕ್ಸಿಮೀಟರ್ ಹಾಕಿ ನೋಡಿ, ಅವತ್ತು ಇಡೀ ದಿನ ನನ್ನನ್ನು ತಮ್ಮ ಹಿಂದೆಯೇ ನಡೆಸಿದರು. ನಾನು ಹಿಂದಿನ ಸಂಜೆಯೇ ಹೇಳಿದ್ದರೆ ಅವರಿಗೆ ಒಂದು ರಾತ್ರಿಯ ಸಮಯ ಸಿಗುತ್ತಿತ್ತು. ಬೆಟ್ಟದಲ್ಲಿ ಒಂದು ರಾತ್ರಿ ಅಂದರೆ ದೊಡ್ಡದು.

ಗುಂಪಿನಲ್ಲಿ ಹೋಗುವುದು ಅಂದರೆ ದುಡ್ಡು ಕಟ್ಟಿ ಎಲ್ಲವನ್ನೂ ಇನ್ನೊಬ್ಬರ ಮೇಲೆ ಹಾಕುವುದು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ನೀವು ನಿಧಾನವಾಗಿ ನಡೆಯಬೇಕು, ಮೈಯಲ್ಲಿ ಏನಾಗುತ್ತಿದೆ ಅಂತ ಮುಚ್ಚಿಡದೆ ಹೇಳಬೇಕು. ಇವೆರಡನ್ನು ನಿಮ್ಮ ಪರವಾಗಿ ಯಾವ ಗೈಡೂ ಮಾಡಲಾರರು.

ಮೊದಲು ಇದನ್ನು ತಿಳಿದುಕೊಳ್ಳಿ: ಇದು ಪಶ್ಚಿಮ ಘಟ್ಟ ಅಲ್ಲ

ನಮ್ಮ ಕಡೆಯವರು ಕುಮಾರ ಪರ್ವತ ಹತ್ತಿ ಬಂದ ಧೈರ್ಯದಲ್ಲಿ ಹೆಸರು ಕೊಡುತ್ತಾರೆ. ಕುಮಾರ ಪರ್ವತ ಕಷ್ಟದ ಬೆಟ್ಟವೇ, ಕಾಲಿನ ಶಕ್ತಿಗೆ ಒಳ್ಳೆಯ ಪರೀಕ್ಷೆ. ಆದರೆ ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1,930 ಮೀಟರ್. ಈ ಟ್ರೆಕ್‌ನ ಅತಿ ತಗ್ಗಿನ ಜಾಗ, ಅಂದರೆ ಕೊನೆಗೆ ಇಳಿಯುವ ನಾರಾನಾಗ್ ಊರು, ಅದಕ್ಕಿಂತ ಮೇಲಿದೆ! ಅತಿ ಎತ್ತರದ ಗಡಸರ್ ಪಾಸ್ ಸುಮಾರು 4,200 ಮೀಟರ್, ಟ್ರೆಕ್ಕಿಂಗ್ ಲೆಕ್ಕದಲ್ಲಿ 13,800 ಅಡಿ ಆಸುಪಾಸು. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ 60 ಪರ್ಸೆಂಟ್ ಮಾತ್ರ.

ಇನ್ನೊಂದು ವ್ಯತ್ಯಾಸ ಇದೆ. ಘಟ್ಟದಲ್ಲಿ ಒಂದು ದಿನ ಜೋರಾಗಿ ಹತ್ತಿ ಇಳಿದು ಮಾರನೇ ದಿನ ಮನೆಯಲ್ಲಿ ಮಲಗಬಹುದು. ಇಲ್ಲಿ ಇವತ್ತು ಆರು ಗಂಟೆ ನಡೆದರೆ ನಾಳೆಯೂ ಆರು ಗಂಟೆ, ನಾಡಿದ್ದು ಎಂಟು. ಮಧ್ಯೆ ಬಿಟ್ಟು ಬರೋಣ ಅಂದರೆ ರಸ್ತೆ ಇಲ್ಲ. ಎರಡನೇ ಪಾಸ್ ದಾಟಿದ ಮೇಲೆ ಹಿಂದಕ್ಕೆ ಹೋದರೂ ಅಷ್ಟೇ ದೂರ, ಮುಂದಕ್ಕೆ ಹೋದರೂ ಅಷ್ಟೇ ದೂರ.

ಹಾಗಾಗಿ ಇದು ನಿಮ್ಮ ಮೊಟ್ಟಮೊದಲ ಟ್ರೆಕ್ ಆಗುವುದು ಬೇಡ. ಒಂದಾದರೂ ಎರಡು ಮೂರು ದಿನದ ಟ್ರೆಕ್, ಟೆಂಟ್‌ನಲ್ಲಿ ಮಲಗಿದ ಅನುಭವ, ಸಾಧ್ಯವಾದರೆ ಹಿಮಾಲಯದ ಒಂದು ಚಿಕ್ಕ ಟ್ರೆಕ್ ಮಾಡಿಕೊಂಡು ಬನ್ನಿ. ಬಿಪಿ, ಅಸ್ತಮಾ, ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರ ಹತ್ತಿರ ಮಾತಾಡಿ. ಆಮೇಲೆ ದುಡ್ಡು ಕಟ್ಟಿ.

ಯಾವಾಗ ಹೋಗಬೇಕು, ದಾರಿ ತೆರೆದಿದೆಯಾ

ಜುಲೈ ಶುರುವಿನಿಂದ ಸೆಪ್ಟೆಂಬರ್ ಮಧ್ಯದವರೆಗೆ, ಅಷ್ಟೇ. ಬಾಕಿ ತಿಂಗಳು ಪಾಸ್‌ಗಳಲ್ಲಿ ಹಿಮ ತುಂಬಿರುತ್ತದೆ. ಕರ್ನಾಟಕದಲ್ಲಿ ಮಳೆ ಸುರಿಯುವ ಹೊತ್ತಿಗೆ ಅಲ್ಲಿ ಟ್ರೆಕ್ ಹೇಗೆ ಸಾಧ್ಯ ಅಂತ ಕೇಳುತ್ತಾರೆ. ಪೀರ್ ಪಂಜಾಲ್ ಸಾಲು ಮುಂಗಾರಿನ ಮೋಡವನ್ನು ದಕ್ಷಿಣಕ್ಕೇ ತಡೆಯುವುದರಿಂದ ಕಾಶ್ಮೀರ ಕಣಿವೆಯಲ್ಲಿ ಉತ್ತರಾಖಂಡದಷ್ಟು ಮಳೆ ಆಗುವುದಿಲ್ಲ. ಆದರೆ ಮಳೆಯೇ ಬರಲ್ಲ ಅಂದುಕೊಳ್ಳಬೇಡಿ, ಎರಡು ದಿನ ಬಿಡದೆ ಸುರಿದದ್ದನ್ನು ಟೆಂಟ್ ಒಳಗೆ ಕೂತು ನೋಡಿದ್ದೇನೆ.

ಜುಲೈ ಮೊದಲ ವಾರಗಳಲ್ಲಿ ಹೋದರೆ ಪಾಸ್‌ಗಳಲ್ಲಿ ಹಿಮ, ಗಡಸರ್ ಸರೋವರದಲ್ಲಿ ತೇಲುವ ಹಿಮದ ತುಂಡುಗಳು. ನೋಡಲು ಬಹಳ ಚೆಂದ, ನಡೆಯಲು ಕಷ್ಟ. ಜುಲೈ ಕೊನೆ ಮತ್ತು ಆಗಸ್ಟ್‌ನಲ್ಲಿ ಹೂವು. ಸೆಪ್ಟೆಂಬರ್‌ನಲ್ಲಿ ಆಕಾಶ ತಿಳಿ, ಹುಲ್ಲು ಹೊಂಬಣ್ಣ, ರಾತ್ರಿ ಚಳಿ ಜಾಸ್ತಿ, ಸತ್ಸರ್‌ನ ಕೆಲವು ಕೆರೆಗಳಲ್ಲಿ ನೀರು ಇಳಿದಿರುತ್ತದೆ. ನನ್ನನ್ನು ಕೇಳಿದರೆ ಜುಲೈ ಕೊನೆಯ ವಾರ. ಒಂದು ವಿಷಯ ನೆನಪಿರಲಿ: ಅಮರನಾಥ ಯಾತ್ರೆಯ ಬಾಲ್ಟಾಲ್ ದಾರಿ ಸೋನಮಾರ್ಗ್ ಮೇಲೆಯೇ ಹೋಗುತ್ತದೆ. ಯಾತ್ರೆಯ ದಿನಗಳಲ್ಲಿ ರಸ್ತೆಯಲ್ಲಿ ವಾಹನ ತಡೆಯುತ್ತಾರೆ, ಗಂಟೆಗಟ್ಟಲೆ ಕಾಯಬೇಕಾಗಬಹುದು.

ಇನ್ನು ಭದ್ರತೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನ ಬೈಸರನ್‌ನಲ್ಲಿ ಪ್ರವಾಸಿಗರ ಮೇಲೆ ದಾಳಿ ಆಯಿತು. ಪ್ರಾಣ ಕಳೆದುಕೊಂಡವರಲ್ಲಿ ನಮ್ಮ ಕನ್ನಡಿಗರೂ ಇದ್ದರು. ಅದಾದ ಮೇಲೆ ಕಣಿವೆಯ ಹತ್ತಾರು ಪ್ರವಾಸಿ ಜಾಗಗಳನ್ನು ಸರ್ಕಾರ ಮುಚ್ಚಿತು. ಅಲ್ಲಿ ಯಾವ ಜಾಗ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಅನ್ನುವುದು ಪರಿಸ್ಥಿತಿ ನೋಡಿ ಬದಲಾಗುತ್ತದೆ. ಅದಕ್ಕೇ ವಿಮಾನದ ಟಿಕೆಟ್ ತೆಗೆಯುವ ಮೊದಲು ಎರಡು ಪ್ರಶ್ನೆ ಕೇಳಿ: ಈ ಸೀಸನ್‌ಗೆ ಈ ದಾರಿಗೆ ಅನುಮತಿ ಸಿಕ್ಕಿದೆಯಾ? ಕೊನೆ ಗಳಿಗೆಯಲ್ಲಿ ಮುಚ್ಚಿದರೆ ನಮ್ಮ ದುಡ್ಡು ಏನಾಗುತ್ತದೆ? ಉತ್ತರವನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನ್‌ನಲ್ಲಿ ಹೇಳಿದ ಮಾತು ಆಮೇಲೆ ಕೈಗೆ ಸಿಗುವುದಿಲ್ಲ.

ಗುಂಪನ್ನು ಆರಿಸುವುದು

ಈ ದಾರಿಯಲ್ಲಿ ಒಬ್ಬರೇ ಹೋಗುವ ಯೋಚನೆ ಬೇಡ. ಮಧ್ಯೆ ಸೇನೆಯ ಕ್ಯಾಂಪ್‌ಗಳಿವೆ, ಗುರುತಿನ ಚೀಟಿ ನೋಡಿ ಹೆಸರು ಬರೆದುಕೊಂಡೇ ಮುಂದೆ ಬಿಡುತ್ತಾರೆ. ಮಂಜು ಕವಿದರೆ ದಾರಿ ಕಾಣುವುದಿಲ್ಲ. ಊರು ಇಲ್ಲ, ಅಂಗಡಿ ಇಲ್ಲ, ನೆಟ್‌ವರ್ಕ್ ಇಲ್ಲ.

ಬೆಂಗಳೂರಿನಿಂದಲೇ ಗುಂಪು ಕಟ್ಟಿಕೊಂಡು ಹೋಗುವ ಸಂಸ್ಥೆಗಳು ಎಷ್ಟೋ ಇವೆ. ಯೂತ್ ಹಾಸ್ಟೆಲ್ಸ್‌ನಂಥ ಹಳೆಯ ಸಂಘಗಳೂ ಹಿಮಾಲಯಕ್ಕೆ ಟ್ರೆಕ್ ನಡೆಸುತ್ತವೆ, ಅಲ್ಲಿ ಗುಂಪು ದೊಡ್ಡದು, ಖರ್ಚು ಕಡಿಮೆ. ಶ್ರೀನಗರದ ಸ್ಥಳೀಯ ಗೈಡ್‌ಗಳೂ ಇದ್ದಾರೆ. ಯಾರ ಜೊತೆ ಹೋದರೂ ಸರಿ, ಫೋಟೋ ನೋಡಿ ಮರುಳಾಗಬೇಡಿ. ಫೋನ್ ಮಾಡಿ ಇವಿಷ್ಟನ್ನು ಕೇಳಿ:

- ಎಷ್ಟು ಜನಕ್ಕೆ ಒಬ್ಬ ಗೈಡ್? ಎಲ್ಲರಿಗಿಂತ ಹಿಂದೆ ನಡೆಯುವ ಗೈಡ್ ಬೇರೆ ಇರುತ್ತಾರಾ?
- ಟ್ರೆಕ್ ಲೀಡರ್ ಪರ್ವತಾರೋಹಣದ ಕೋರ್ಸ್ ಮಾಡಿದ್ದಾರಾ? ಉತ್ತರಕಾಶಿ, ಡಾರ್ಜಿಲಿಂಗ್, ಪಹಲ್ಗಾಮ್‌ನ ಸಂಸ್ಥೆಗಳು ಈ ಕೋರ್ಸ್ ನಡೆಸುತ್ತವೆ. ಕಾಡಿನಲ್ಲಿ ಪ್ರಥಮ ಚಿಕಿತ್ಸೆ ಕೊಡುವ ತರಬೇತಿ ಆಗಿದೆಯಾ?
- ಆಮ್ಲಜನಕದ ಸಿಲಿಂಡರ್, ಆಕ್ಸಿಮೀಟರ್, ಸ್ಟ್ರೆಚರ್ ಜೊತೆಗೇ ಬರುತ್ತವಾ ಅಥವಾ ಬೇಸ್ ಕ್ಯಾಂಪ್‌ನಲ್ಲೇ ಇರುತ್ತವಾ?
- ಮಳೆಗೆ ನಿಂತುಬಿಟ್ಟರೆ ಬಳಸಲು ಒಂದು ಹೆಚ್ಚುವರಿ ದಿನ ಇದೆಯಾ?
- ಒಬ್ಬರು ಮಧ್ಯದಲ್ಲಿ ವಾಪಸ್ ಬರಬೇಕಾದರೆ ಅವರ ಜೊತೆ ಯಾರು ಬರುತ್ತಾರೆ?

ಕೊನೆಯ ಪ್ರಶ್ನೆಗೆ ತಡವರಿಸಿದರೆ ಆ ಗುಂಪು ಬೇಡ. ನನ್ನ ಅನುಭವದಲ್ಲಿ ಒಳ್ಳೆಯವರು ಈ ಪ್ರಶ್ನೆ ಕೇಳಿದರೆ ಖುಷಿಪಡುತ್ತಾರೆ, ಅವರೇ ನಿಮ್ಮನ್ನು ತಿರುಗಿ ಕೇಳುತ್ತಾರೆ: ಎಷ್ಟು ಓಡುತ್ತೀರಿ, ಹಿಂದೆ ಎಲ್ಲಿ ಹೋಗಿದ್ದೀರಿ, ಯಾವ ಮಾತ್ರೆ ತಗೊಳ್ತೀರಿ. ಏನೂ ಕೇಳದೆ ದುಡ್ಡು ಹಾಕಿ ಅನ್ನುವವರ ಹತ್ತಿರ ಹುಷಾರಾಗಿರಿ.

ಖರ್ಚಿನ ಲೆಕ್ಕ ಹಾಕುವಾಗ ಟ್ರೆಕ್ ಫೀಸ್ ಒಂದನ್ನೇ ನೋಡಬೇಡಿ. ಬೆಂಗಳೂರು-ಶ್ರೀನಗರ ವಿಮಾನ, ಶ್ರೀನಗರದಲ್ಲಿ ಎರಡು ರಾತ್ರಿ, ಟ್ಯಾಕ್ಸಿ, ಕುದುರೆ ಮೇಲೆ ಚೀಲ ಹೊರಿಸುವ ಬಾಡಿಗೆ, ಬಟ್ಟೆ-ಶೂ, ಇನ್ಶೂರೆನ್ಸ್ ಎಲ್ಲ ಸೇರಿದರೆ ಫೀಸ್‌ನಷ್ಟೇ ಅಥವಾ ಅದಕ್ಕಿಂತ ಜಾಸ್ತಿ ಆಗುತ್ತದೆ. ಇನ್ಶೂರೆನ್ಸ್ ತೆಗೆಯುವಾಗ ಎಷ್ಟು ಎತ್ತರದವರೆಗಿನ ಟ್ರೆಕ್ಕಿಂಗ್‌ಗೆ ಅನ್ವಯಿಸುತ್ತದೆ ಅನ್ನುವ ಸಾಲನ್ನು ಹುಡುಕಿ ಓದಿ.

ಎಂಟು ವಾರದ ತಯಾರಿ

ಇಡೀ ಕೆಲಸದಲ್ಲಿ ಹೆಚ್ಚು ಜನ ಕೈಬಿಡುವ ಭಾಗ ಇದು. ಆಫೀಸ್, ಟ್ರಾಫಿಕ್, ಮಕ್ಕಳ ಸ್ಕೂಲು, ನಾಳೆ ಶುರು ಮಾಡೋಣ ಅಂತ ಒಂದು ತಿಂಗಳು ಹೋಗಿಬಿಡುತ್ತದೆ. ಕೊನೆಯ ಎರಡು ವಾರ ಜೋರಾಗಿ ಓಡಿದರೆ ಪ್ರಯೋಜನ ಇಲ್ಲ, ಮಂಡಿ ನೋಯಿಸಿಕೊಂಡು ಹೋಗುತ್ತೀರಿ ಅಷ್ಟೇ.

ಮೊದಲ ಎರಡು ವಾರ ವಾರಕ್ಕೆ ನಾಲ್ಕು ದಿನ ಬೇಗ ಬೇಗ ನಡೆಯಿರಿ, ಮಧ್ಯೆ ಮಧ್ಯೆ ಓಡಿ. ಮೂರನೇ ವಾರದಿಂದ ಓಟ. ಐದು ಕಿಲೋಮೀಟರನ್ನು 35 ನಿಮಿಷದ ಒಳಗೆ, ಮುಗಿಸಿದ ಮೇಲೆ ಮಾತಾಡುವಷ್ಟು ಉಸಿರು ಉಳಿದಿರುವ ಹಾಗೆ ಓಡಲು ಬಂದರೆ ಸಾಕು. ಜೊತೆಗೆ ಮೆಟ್ಟಿಲು. ಅಪಾರ್ಟ್‌ಮೆಂಟ್‌ನಲ್ಲಿ ಇದ್ದರೆ ಲಿಫ್ಟ್ ಬಿಡಿ, ಬೆನ್ನಿಗೆ ಐದಾರು ಕೆಜಿ ಚೀಲ ಹಾಕಿಕೊಂಡು ಹತ್ತಿ ಇಳಿಯಿರಿ. ಇಳಿಯುವುದನ್ನೂ ಅಭ್ಯಾಸ ಮಾಡಬೇಕು. ಕೊನೆಯ ದಿನ ನಾರಾನಾಗ್‌ಗೆ ಸುಮಾರು 4,000 ಅಡಿ ಒಂದೇ ಸಮ ಇಳಿಯಬೇಕು, ಮಂಡಿ ಮತ್ತು ತೊಡೆ ಅಲ್ಲಿ ಲೆಕ್ಕ ಕೇಳುತ್ತವೆ.

ಐದನೇ ವಾರದಿಂದ ಶನಿವಾರ ಭಾನುವಾರ ಎರಡೂ ದಿನ ಬೆಟ್ಟ ಹತ್ತಿ. ಒಂದು ದಿನ ಅಲ್ಲ, ಬೆನ್ನುಬೆನ್ನಿಗೆ ಎರಡು ದಿನ. ಶನಿವಾರ ಮಾಕಳಿದುರ್ಗ, ಭಾನುವಾರ ಸಾವನದುರ್ಗ, ಹೀಗೆ. ಭಾನುವಾರ ಬೆಳಿಗ್ಗೆ ಮೀನಖಂಡ ಬಿಗಿದುಕೊಂಡಿರುವಾಗ ಮತ್ತೆ ಹೊರಡುತ್ತೀರಲ್ಲ, ಆ ಅಭ್ಯಾಸವೇ ಗಡಸರ್ ಪಾಸ್ ದಿನ ಕೈ ಹಿಡಿಯುತ್ತದೆ. ಒಮ್ಮೆ ಕುಮಾರ ಪರ್ವತಕ್ಕೂ ಹೋಗಿ ಬನ್ನಿ, ಟ್ರೆಕ್‌ಗೆ ಹಾಕುವ ಅದೇ ಶೂ ಹಾಕಿಕೊಂಡು.

ಶೂ ಬಗ್ಗೆ ಬೇರೆಯೇ ಹೇಳಬೇಕು. ಕಾಲಿನ ಗಿಣ್ಣು ಮುಚ್ಚುವ, ಒಳ್ಳೆ ಹಿಡಿತದ ಟ್ರೆಕ್ಕಿಂಗ್ ಶೂ ಬೇಕು, ಜಿಮ್ ಶೂ ನಡೆಯಲ್ಲ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ದಪ್ಪ ಕಾಲುಚೀಲ ಹಾಕಿಕೊಂಡೇ ನೋಡಿ. ಮುಂದೆ ಬೆರಳಿಗೆ ಜಾಗ ಇರಬೇಕು, ಇಲ್ಲದಿದ್ದರೆ ಇಳಿಯುವಾಗ ಉಗುರು ಕಪ್ಪಾಗುತ್ತದೆ. ಆರು ವಾರ ಮುಂಚೆಯೇ ಕೊಂಡು ಊರಲ್ಲೇ ಹಾಕಿ ಸವೆಸಿ. ವರ್ಷಗಟ್ಟಲೆ ಬೀರುವಿನಲ್ಲಿದ್ದ ಹಳೇ ಶೂ ತಂದರೆ ಅಟ್ಟೆ ಕಿತ್ತು ಬರುವ ಸಾಧ್ಯತೆ ಇದೆ. ನಮ್ಮ ಗುಂಪಿನ ಒಬ್ಬರು ಅಂಥ ಶೂಗೆ ಹಗ್ಗ ಸುತ್ತಿಕೊಂಡೇ ಮೂರು ದಿನ ನಡೆದರು.

ಚೀಲದಲ್ಲಿ ಏನಿರಬೇಕು

ಒಂದು ದೊಡ್ಡ ರಕ್‌ಸ್ಯಾಕ್, ಒಂದು ಚಿಕ್ಕ ಡೇಪ್ಯಾಕ್. ದೊಡ್ಡದನ್ನು ಕುದುರೆ ಮೇಲೆ ಕಳಿಸಬಹುದು, ಅದಕ್ಕೆ ಆಫ್‌ಲೋಡ್ ಅಂತಾರೆ. ಸಾಮಾನ್ಯವಾಗಿ 9-10 ಕೆಜಿ ಮಿತಿ ಇರುತ್ತದೆ. ಆಫ್‌ಲೋಡ್ ಮಾಡಿದರೆ ಅವಮಾನ ಅಂತ ಕೆಲವರು ಅಂದುಕೊಳ್ಳುತ್ತಾರೆ. ಬೇಡ. ಭಾರ ಇಳಿಸಿ ಸುತ್ತ ನೋಡಿಕೊಂಡು ನಡೆದವರಿಗೆ ಟ್ರೆಕ್ ಪೂರ್ತಿ ಸಿಗುತ್ತದೆ.

ಬಟ್ಟೆ ಪದರ ಪದರವಾಗಿ. ಹಗಲು ಬಿಸಿಲಿದ್ದರೆ ಒಂದು ತೆಳು ತುಂಬುತೋಳಿನ ಟೀ-ಶರ್ಟ್ ಸಾಕು, ಮೋಡ ಬಂದರೆ ಐದು ನಿಮಿಷದಲ್ಲಿ ಜಾಕೆಟ್ ಬೇಕು, ರಾತ್ರಿ ಸೊನ್ನೆ ಡಿಗ್ರಿಗೆ ಹತ್ತಿರ ಹೋಗುತ್ತದೆ. ಬೇಗ ಒಣಗುವ ಟೀ-ಶರ್ಟ್ ಮೂರು, ಪ್ಯಾಂಟ್ ಎರಡು, ಒಂದು ಫ್ಲೀಸ್, ಒಂದು ದಪ್ಪ ಜಾಕೆಟ್, ಮಲಗಲು ಥರ್ಮಲ್ ಒಂದು ಜೊತೆ, ಕಾಲುಚೀಲ ನಾಲ್ಕೈದು ಜೊತೆ, ಕಿವಿ ಮುಚ್ಚುವ ಟೋಪಿ, ಬಿಸಿಲಿನ ಟೋಪಿ, ಕೈಗವಸು. ಜೀನ್ಸ್ ಬೇಡವೇ ಬೇಡ, ಒಮ್ಮೆ ನೆನೆದರೆ ಟ್ರೆಕ್ ಮುಗಿಯುವವರೆಗೂ ಒಣಗಲ್ಲ. ಮಳೆಗೆ ಪೋಂಚೋ, ರಕ್‌ಸ್ಯಾಕ್‌ಗೆ ಹೊದಿಕೆ. ಆದರೂ ಒಳಗಿನ ಬಟ್ಟೆಯನ್ನೆಲ್ಲ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಡಿ. ಕುದುರೆ ಹೊಳೆ ದಾಟುವಾಗ ಏನಾಗುತ್ತದೋ ಹೇಳಲಾಗದು.

ಹೆಡ್‌ಟಾರ್ಚ್, ಎರಡು ಲೀಟರ್ ನೀರಿನ ಬಾಟಲಿ, ಎರಡು ಟ್ರೆಕ್ಕಿಂಗ್ ಪೋಲ್ (ಊರುಗೋಲು), ತಂಪು ಕನ್ನಡಕ, ಸನ್‌ಸ್ಕ್ರೀನ್. ಹಿಮ ಇರುವ ಸಮಯವಾದರೆ ಶೂಗೆ ಹಾಕುವ ಮೈಕ್ರೋಸ್ಪೈಕ್ಸ್ ಸಂಸ್ಥೆಯವರು ಕೊಡುತ್ತಾರಾ ಕೇಳಿ. ಎಲ್ಲವನ್ನೂ ಕೊಳ್ಳಬೇಕಿಲ್ಲ. ಜಾಕೆಟ್, ಪೋಲ್, ರಕ್‌ಸ್ಯಾಕ್ ಬಾಡಿಗೆಗೆ ಸಿಗುತ್ತವೆ. ಸ್ವಂತದ್ದೇ ಇರಬೇಕಾದ್ದು ಶೂ.

ಊಟಕ್ಕೆ ದಾಲ್, ಅನ್ನ, ರೊಟ್ಟಿ, ರಾಜ್ಮಾ, ಪಲ್ಯ ಸಿಗುತ್ತದೆ. ಆದರೂ ಎತ್ತರದಲ್ಲಿ ನಾಲಿಗೆ ಸಪ್ಪೆಯಾಗುತ್ತದೆ, ತಟ್ಟೆ ನೋಡಿದರೆ ಬೇಡ ಅನ್ನಿಸುತ್ತದೆ. ಅದಕ್ಕೆ ಅಮ್ಮ ಮಾಡಿದ ಚಟ್ನಿಪುಡಿ ಒಂದು ಡಬ್ಬಿ ತಗೊಂಡು ಹೋಗಿ. ಬಿಸಿ ಅನ್ನಕ್ಕೆ ಚಟ್ನಿಪುಡಿ ಹಾಕಿಕೊಂಡು ಇಡೀ ಗುಂಪು ಊಟ ಮಾಡಿದ್ದು ನನಗೆ ಇನ್ನೂ ನೆನಪಿದೆ. ಕಡಲೆಬೀಜದ ಚಿಕ್ಕಿ, ಖರ್ಜೂರ, ಓಆರ್‌ಎಸ್ ಡೇಪ್ಯಾಕ್‌ನಲ್ಲಿ ಇರಲಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಎತ್ತರದಲ್ಲಿ ಮುಟ್ಟಿನ ದಿನ ಹಿಂದೆ ಮುಂದೆ ಆಗಬಹುದು, ಲೆಕ್ಕ ಹಾಕಿದ್ದೇವೆ ಅಂತ ಪ್ಯಾಡ್ ಬಿಟ್ಟು ಬರಬೇಡಿ. ಬಳಸಿದ್ದನ್ನು ಜಿಪ್ ಕವರ್‌ನಲ್ಲಿ ಹಾಕಿ ಕೆಳಗೆ ತನ್ನಿ. ವೆಟ್ ವೈಪ್ಸ್ ಕೂಡ ಮಣ್ಣಲ್ಲಿ ಕರಗುವುದಿಲ್ಲ, ಅದನ್ನೂ ತರಬೇಕು.

ತರಬಾರದ್ದು: ಡ್ರೋನ್ ಮತ್ತು ಸ್ಯಾಟಲೈಟ್ ಫೋನ್. ಗಡಿ ನಿಯಂತ್ರಣ ರೇಖೆಗೆ ದೂರವಿಲ್ಲದ ಪ್ರದೇಶ ಇದು. ಅನುಮತಿ ಇಲ್ಲದ ಸ್ಯಾಟಲೈಟ್ ಫೋನ್ ನಮ್ಮ ದೇಶದಲ್ಲಿ ಎಲ್ಲೇ ಆದರೂ ಕಾನೂನಿಗೆ ವಿರುದ್ಧ.

ಶ್ರೀನಗರ ತಲುಪುವುದು

ಬೆಂಗಳೂರಿನಿಂದ ವಿಮಾನದಲ್ಲಿ ಹೋಗುವವರೇ ಹೆಚ್ಚು, ಬಹಳಷ್ಟು ಸಲ ದೆಹಲಿ ಮೇಲೆ. ಸಮಯ ಇದ್ದವರಿಗೆ ಈಗ ರೈಲೂ ಇದೆ, 2025ರ ಜೂನ್‌ನಿಂದ ಕಟ್ರಾ-ಶ್ರೀನಗರ ವಂದೇ ಭಾರತ್ ಓಡುತ್ತಿದೆ. ಟ್ರೆಕ್ ಶುರುವಾಗುವ ಹಿಂದಿನ ದಿನವೇ ಶ್ರೀನಗರದಲ್ಲಿರಿ. ಅವತ್ತೇ ಬೆಳಿಗ್ಗೆ ಇಳಿದು ಅವತ್ತೇ ಸೋನಮಾರ್ಗ್ ಅನ್ನುವ ಲೆಕ್ಕ ಬೇಡ, ವಿಮಾನ ತಡವಾದರೆ ಗುಂಪು ಕಾಯುವುದಿಲ್ಲ.

ಫೋನ್ ವಿಷಯ ಮರೆಯಬೇಡಿ. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅದೂ ಸೋನಮಾರ್ಗ್‌ವರೆಗೆ ಮಾತ್ರ ಅಂತ ಲೆಕ್ಕ ಇಟ್ಟುಕೊಳ್ಳಿ. ಆಮೇಲೆ ಆರೇಳು ದಿನ ಫೋನ್ ಬರೀ ಕ್ಯಾಮೆರಾ. ಮನೆಯವರಿಗೆ ಇದನ್ನು ಮೊದಲೇ ಸರಿಯಾಗಿ ಹೇಳಿ, ಎಷ್ಟನೇ ತಾರೀಖಿಗೆ ಕರೆ ಮಾಡುತ್ತೇನೆ ಅಂತ ಹೇಳಿ, ಸಂಸ್ಥೆಯ ಆಫೀಸ್ ನಂಬರ್ ಬರೆದುಕೊಡಿ. ನನ್ನ ಅಪ್ಪ ಮೊದಲ ಸಲ ಟಿವಿ ಮುಂದೆಯೇ ಕೂತು ಒಂದು ವಾರ ಕಳೆದರಂತೆ.

ಶ್ರೀನಗರದಿಂದ ಸೋನಮಾರ್ಗ್ ಸುಮಾರು 80 ಕಿಲೋಮೀಟರ್. ಸಿಂಧ್ ನದಿ ಪಕ್ಕದಲ್ಲೇ ದಾರಿ. ಇದು ಲಡಾಖ್ ಕಡೆಯ ಸಿಂಧೂ ಅಲ್ಲ, ಝೀಲಂ ಸೇರುವ ಬೇರೆಯೇ ಹೊಳೆ. 2025ರ ಜನವರಿಯಲ್ಲಿ ತೆರೆದ ಆರೂವರೆ ಕಿಲೋಮೀಟರ್ ಸುರಂಗದಿಂದ ಕೊನೆಯ ಭಾಗ ಸಲೀಸಾಗಿದೆ. ಆಧಾರ್ ಕಾರ್ಡಿನ ಅಸಲು ಪ್ರತಿ ಮತ್ತು ನಾಲ್ಕೈದು ಜೆರಾಕ್ಸ್ ಡೇಪ್ಯಾಕ್‌ನಲ್ಲೇ ಇರಲಿ, ಕುದುರೆ ಮೇಲೆ ಹೋಗುವ ಚೀಲದಲ್ಲಿ ಇಡಬೇಡಿ.

ಎತ್ತರದ ಕಾಯಿಲೆ: ಇದನ್ನು ನಿಧಾನವಾಗಿ ಓದಿ

ಎಎಂಎಸ್ ಅಂತ ಕರೆಯುತ್ತಾರೆ. ಮೈ ಹೊಂದಿಕೊಳ್ಳುವ ಮೊದಲೇ ಎತ್ತರಕ್ಕೆ ಹೋದರೆ ತಲೆನೋವು, ಹೊಟ್ಟೆ ತೊಳೆಸುವುದು, ಊಟ ಬೇಡ ಅನ್ನಿಸುವುದು, ಸುಸ್ತು, ತಲೆಸುತ್ತು, ನಿದ್ದೆ ಬಾರದಿರುವುದು. ಇದು ಯಾರಿಗೆ ಬರುತ್ತದೆ ಅಂತ ಮೊದಲೇ ಹೇಳಲಾಗದು. ಚೆನ್ನಾಗಿ ಓಡುವವರಿಗೆ ಬರುವುದಿಲ್ಲ ಅನ್ನುವುದು ತಪ್ಪು. ನಾನು ನೋಡಿದ ಹಾಗೆ ಗಟ್ಟಿಮುಟ್ಟಾದ ಹುಡುಗರೇ ಮೊದಲ ದಿನ ಓಡಿಕೊಂಡು ಮುಂದೆ ಹೋಗಿ ರಾತ್ರಿ ಮಲಗಿಬಿಡುತ್ತಾರೆ.

ಸೋನಮಾರ್ಗ್ ತಲುಪಿದ ದಿನ ಸುಮ್ನೆ ಮಲಗಬೇಡಿ, ಸಂಜೆ ಸ್ವಲ್ಪ ಮೇಲಕ್ಕೆ ಹತ್ತಿ ಇಳಿದು ಬನ್ನಿ. ದಿನಕ್ಕೆ ಮೂರರಿಂದ ನಾಲ್ಕು ಲೀಟರ್ ನೀರು ಗುಟುಕು ಗುಟುಕಾಗಿ. ಬೇಡ ಅನ್ನಿಸಿದರೂ ನಾಲ್ಕು ತುತ್ತು ಊಟ. ಮದ್ಯ, ಸಿಗರೇಟು, ನಿದ್ದೆ ಮಾತ್ರೆ ಬೇಡ. ನಡೆಯುವಾಗ ಪಕ್ಕದವರ ಜೊತೆ ಮಾತಾಡುವಷ್ಟು ಉಸಿರಿರಬೇಕು. ಮಾತು ನಿಂತರೆ ವೇಗ ಜಾಸ್ತಿಯಾಗಿದೆ ಅಂತ ಅರ್ಥ.

ಡೈಮಾಕ್ಸ್ ಮಾತ್ರೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಮೈ ಹೊಂದಿಕೊಳ್ಳಲು ಸಹಾಯ ಮಾಡುವ ಔಷಧ. ಬೆರಳ ತುದಿ ಜುಮ್ ಅನ್ನುತ್ತದೆ, ಮೂತ್ರ ಜಾಸ್ತಿಯಾಗುತ್ತದೆ, ಸಲ್ಫಾ ಅಲರ್ಜಿ ಇರುವವರಿಗೆ ಆಗದಿರಬಹುದು. ಎಷ್ಟು, ಯಾವಾಗ, ಬೇಕಾ ಬೇಡವಾ ಅನ್ನುವುದನ್ನು ಊರಲ್ಲೇ ನಿಮ್ಮ ಡಾಕ್ಟರ್ ಹೇಳಲಿ. ಟೆಂಟ್‌ನಲ್ಲಿ ಪಕ್ಕದವರು ಕೊಟ್ಟರು ಅಂತ ನುಂಗಬೇಡಿ.

ಈಗ ಮುಖ್ಯ ಮಾತು. ಸುಮ್ಮನೆ ಕೂತಿದ್ದಾಗಲೂ ಏದುಸಿರು, ಬಿಡದ ಕೆಮ್ಮು, ಎದೆ ಬಿಗಿತ ಇದ್ದರೆ ಶ್ವಾಸಕೋಶಕ್ಕೆ ನೀರು ತುಂಬುತ್ತಿರಬಹುದು. ನೇರ ಗೆರೆಯಲ್ಲಿ ನಡೆಯಲು ಆಗದಿದ್ದರೆ, ಮಾತು ತೊದಲಿದರೆ, ಕೇಳಿದ್ದಕ್ಕೆ ಏನೋ ಹೇಳಿದರೆ ಮೆದುಳಿಗೆ ತೊಂದರೆ ಶುರುವಾಗಿದೆ. ಎರಡಕ್ಕೂ ಮದ್ದು ಒಂದೇ, ಕೆಳಗೆ ಇಳಿಸುವುದು. ಬೆಳಗಾಗಲಿ ಅಂತ ಕಾಯುವಂತಿಲ್ಲ. ಆ ಹೊತ್ತಿಗೆ ರೋಗಿಗೆ ತನಗೇನಾಗಿದೆ ಅಂತ ಗೊತ್ತಿರುವುದಿಲ್ಲ, ಟೆಂಟ್ ಜೊತೆಗಾರರೇ ಗೈಡ್‌ನನ್ನು ಕೂಗಬೇಕು. ನಿಮ್ಮ ಟೆಂಟ್‌ನವರ ಮುಖ ದಿನಾ ಬೆಳಿಗ್ಗೆ ನೋಡಿ, ಚೆನ್ನಾಗಿದ್ದೀರಾ ಅಂತ ಕೇಳಿ.

ದಾರಿ, ದಿನದಿಂದ ದಿನಕ್ಕೆ

ಸೋನಮಾರ್ಗ್‌ನಿಂದ ನಿಚ್ನಾಯ್. ಶುರುವಲ್ಲೇ ಒಳ್ಳೆ ಏರು. ಹಿಂದೆ ತಿರುಗಿದರೆ ಕೆಳಗೆ ಸೋನಮಾರ್ಗ್ ಊರು, ಎದುರಿಗೆ ಥಾಜಿವಾಸ್ ಹಿಮನದಿಗಳು. ಶೇಖ್‌ದೂರ್ ಅನ್ನುವ ಹುಲ್ಲುಗಾವಲಲ್ಲಿ ಚಹಾ ಸಿಗುತ್ತದೆ, ಕೂತು ಕುಡಿಯಿರಿ. ಮುಂದೆ ಭೂರ್ಜ ಮರಗಳ ಕಾಡು. ಬಿಳಿ ತೊಗಟೆ ಹಾಳೆ ಹಾಳೆಯಾಗಿ ಎದ್ದಿರುತ್ತದೆ. ಹಳೆಯ ಕಾಲದಲ್ಲಿ ಗ್ರಂಥ ಬರೆಯುತ್ತಿದ್ದ ಭೂರ್ಜಪತ್ರ ಇದೇ. ಕೀಳಬೇಡಿ, ಮರಕ್ಕೆ ಗಾಯವಾಗುತ್ತದೆ. ಕ್ಯಾಂಪ್ ಸುಮಾರು 11,500 ಅಡಿಯಲ್ಲಿ, ಹೊಳೆ ಪಕ್ಕ. ನನ್ನ ತಲೆನೋವು ಶುರುವಾಗಿದ್ದು ಇಲ್ಲೇ.

ಮಾರನೇ ದಿನ ನಿಚ್ನಾಯ್ ಪಾಸ್ ದಾಟಿ ವಿಷನ್‌ಸರ್. ಏರು ಅಷ್ಟು ಕಡಿದಲ್ಲ, ಆದರೆ ಉದ್ದ. ಪಾಸ್ ಆಚೆ ಕಣಿವೆ ತೆರೆದುಕೊಳ್ಳುತ್ತದೆ, ಕುರಿ ಮಂದೆಗಳು, ಬಕರ್‌ವಾಲ್ ಜನರ ಟೆಂಟುಗಳು. ಬೇಸಿಗೆಗೆ ಮಂದೆಯೊಂದಿಗೆ ಮೇಲೆ ಬಂದು ಚಳಿಗೆ ಜಮ್ಮು ಕಡೆ ಇಳಿಯುವವರು ಇವರು. ನಮ್ಮ ಕುರುಬರು ಮಂದೆ ಹೊಡೆದುಕೊಂಡು ಊರೂರು ಹೋಗುತ್ತಾರಲ್ಲ, ಹಾಗೆ. ಅವರ ಕಾವಲು ನಾಯಿಗಳು ಜೋರು, ಮಂದೆಯ ಮಧ್ಯೆ ನುಗ್ಗಬೇಡಿ, ಸುತ್ತಿ ಹೋಗಿ. ಕೇಳದೆ ಫೋಟೋ ತೆಗೆಯಬೇಡಿ, ಅದರಲ್ಲೂ ಹೆಂಗಸರದ್ದು. ಸಲಾಂ ಹೇಳಿ ಎರಡು ಮಾತಾಡಿದರೆ ಉಪ್ಪು ಹಾಕಿದ ಚಹಾಕ್ಕೆ ಕರೆಯುತ್ತಾರೆ.

ಕಾಶ್ಮೀರಿಯಲ್ಲಿ ಸರ್ ಅಂದರೆ ಸರೋವರ, ನಮ್ಮ ಸರೋವರಕ್ಕೂ ಅದಕ್ಕೂ ಒಂದೇ ಬೇರು. ವಿಷನ್‌ಸರ್ ವಿಷ್ಣುವಿನ ಕೆರೆ, ಅದರ ಮೇಲಿರುವ ಕಿಷನ್‌ಸರ್ ಕೃಷ್ಣನ ಕೆರೆ ಅಂತ ಹೇಳುತ್ತಾರೆ. ಕಿಷನ್‌ಗಂಗಾ ನದಿಯ ಮೂಲ ಇಲ್ಲಿದೆ. ಬಹಳ ಗುಂಪುಗಳು ಇಲ್ಲಿ ಒಂದು ದಿನ ನಿಲ್ಲುತ್ತವೆ. ನಿಲ್ಲದ ಗುಂಪಾದರೆ ನಾನು ಆರಿಸುವುದಿಲ್ಲ, ಮೈ ಹೊಂದಿಕೊಳ್ಳಲು ಈ ದಿನ ಬೇಕೇ ಬೇಕು. ಬೆಳಿಗ್ಗೆ ಗಾಳಿ ಏಳುವ ಮುಂಚೆ ದಡಕ್ಕೆ ಹೋಗಿ, ಬೆಟ್ಟ ತಲೆಕೆಳಗಾಗಿ ನೀರಲ್ಲಿ ನಿಂತಿರುತ್ತದೆ. ಟ್ರೌಟ್ ಮೀನು ಓಡಾಡುವುದು ಕಾಣುತ್ತದೆ. ಹಿಡಿಯಬೇಕಾದರೆ ಮೀನುಗಾರಿಕೆ ಇಲಾಖೆಯ ಪರ್ಮಿಟ್ ಬೇಕು. ನೀರಿಗೆ ಇಳಿದು ಈಜಬೇಡಿ, ಆ ತಣ್ಣನೆಯ ನೀರು ಕೈಕಾಲು ಮರಗಟ್ಟಿಸಿಬಿಡುತ್ತದೆ. ಸೋಪು ಹಾಕಿ ಮುಖ ತೊಳೆಯುವುದೂ ಬೇಡ.

ಗಡಸರ್ ಪಾಸ್ ದಿನವೇ ಎಲ್ಲಕ್ಕಿಂತ ಕಷ್ಟದ್ದು. ಬೇಗ ಹೊರಡುತ್ತಾರೆ, ಯಾಕೆಂದರೆ ಮಧ್ಯಾಹ್ನದ ಮೇಲೆ ಪಾಸ್‌ನಲ್ಲಿ ಮೋಡ, ಮಳೆ, ಸಿಡಿಲು. ಐದು ನಿಮಿಷ ಇನ್ನೂ ಮಲಗೋಣ ಅನ್ನುವ ಒಬ್ಬರಿಂದ ಇಪ್ಪತ್ತು ಜನ ಮಳೆಯಲ್ಲಿ ಇಳಿಯಬೇಕಾಗುತ್ತದೆ. ಕಿಷನ್‌ಸರ್ ಪಕ್ಕದಿಂದ ದಾರಿ ಗೋಡೆ ಹತ್ತಿದ ಹಾಗೆ ಏರುತ್ತದೆ. ಚಿಕ್ಕ ಹೆಜ್ಜೆ, ಪೂರ್ತಿ ಪಾದ ಊರಿ, ಹತ್ತು ಹೆಜ್ಜೆಗೊಮ್ಮೆ ಉಸಿರು. ಕುದುರೆ ಬಂದರೆ ಬೆಟ್ಟದ ಕಡೆಗೆ ಒತ್ತಿ ನಿಲ್ಲಿ, ಕಣಿವೆಯ ಕಡೆಗಲ್ಲ. ಅರ್ಧ ಹತ್ತಿ ತಿರುಗಿದರೆ ಎರಡು ಸರೋವರವೂ ಒಟ್ಟಿಗೆ ಕಾಣುತ್ತವೆ. ಒಂದರ ಬಣ್ಣ ಇನ್ನೊಂದಕ್ಕಿಲ್ಲ. ನಾನು ಅಲ್ಲಿ ಸುಮಾರು ಹೊತ್ತು ಮಾತಿಲ್ಲದೆ ನಿಂತಿದ್ದೆ. ಪಾಸ್ ಮೇಲೆ ಜಾಸ್ತಿ ಹೊತ್ತು ಕೂರಬೇಡಿ, ಬೆವರು ಆರಿ ಚಳಿ ಹಿಡಿಯುತ್ತದೆ. ಇಳಿಯುವಾಗ ಹಿಮ ಇದ್ದರೆ ಗೈಡ್ ತುಳಿದ ಹೆಜ್ಜೆಯಲ್ಲೇ ಹಿಮ್ಮಡಿ ಊರಿ ಇಳಿಯಿರಿ. ಹೊಳೆ ಮೇಲೆ ಸೇತುವೆ ಹಾಗೆ ನಿಂತ ಹಿಮದ ಅಂಚಿಗೆ ಹೋಗಲೇಬೇಡಿ, ಕೆಳಗೆ ಟೊಳ್ಳಿರುತ್ತದೆ.

ಕೆಳಗೆ ಗಡಸರ್. ಗಾಡ್ ಅಂದರೆ ಮೀನು, ಮೀನಿನ ಸರೋವರ. ದಡದ ತುಂಬ ಹಳದಿ, ನೀಲಿ, ಕೆನ್ನೇರಳೆ ಹೂವು. ಕ್ಯಾಂಪ್ ಇನ್ನೂ ಮುಂದಿದೆ, ಹಾಗಾಗಿ ಇಲ್ಲೇ ಎಲ್ಲ ಶಕ್ತಿ ಖರ್ಚು ಮಾಡಬೇಡಿ. ಅಲ್ಲಿಂದ ಸತ್ಸರ್ ಸ್ವಲ್ಪ ಚಿಕ್ಕ ದಿನ, ಹೊಳೆ ದಾಟಿ ಒಂದು ಕಡಿದಾದ ಏರು. ಸೈನಿಕರು ಹೆಸರು, ಗುರುತಿನ ಚೀಟಿ ನೋಡುತ್ತಾರೆ. ಅವರ ಕ್ಯಾಂಪಿನ ಫೋಟೋ ತೆಗೆಯಬೇಡಿ. ನಮ್ಮ ಗುಂಪಿನ ದಾಖಲೆ ನೋಡಿದ ಯೋಧರೊಬ್ಬರು ಬೆಳಗಾವಿ ಕಡೆಯವರು. ಕನ್ನಡ ಕಿವಿಗೆ ಬಿದ್ದ ಕೂಡಲೇ ಅವರ ಮುಖ ಅರಳಿದ್ದು ನೋಡಬೇಕಿತ್ತು. ಊರ ಸುದ್ದಿ ಕೇಳಿದರು, ನಮ್ಮ ಚಟ್ನಿಪುಡಿಯಲ್ಲಿ ಅರ್ಧ ಅವರಿಗೆ ಕೊಟ್ಟು ಬಂದೆವು.

ಸತ್ಸರ್‌ನಿಂದ ಗಂಗಾಬಲ್ ದಿನ ಬಂಡೆಗಳ ದಿನ. ಆನೆಗಾತ್ರದ ಕಲ್ಲುಗಳ ಮೇಲೆ ಹೆಜ್ಜೆ ಇಟ್ಟು ದಾಟಬೇಕು. ಒದ್ದೆಯಿದ್ದರೆ ಪೋಲ್ ಮಡಚಿ ಚೀಲಕ್ಕೆ ಸೇರಿಸಿ, ಎರಡೂ ಕೈ ಬಿಡುವಾಗಿರಲಿ. ಒಬ್ಬರು ದಾಟಿದ ಮೇಲೆ ಇನ್ನೊಬ್ಬರು. ಝಜ್ ಪಾಸ್ ಮೇಲೆ ನಿಂತರೆ ಕೆಳಗೆ ಗಂಗಾಬಲ್ ಮತ್ತು ನಂದ್‌ಕೋಲ್ ಅಕ್ಕಪಕ್ಕ, ಅವುಗಳ ಮೇಲೆ 5,142 ಮೀಟರಿನ ಹರ್ಮುಖ್ ಶಿಖರ. ಕಾಶ್ಮೀರಿ ಪಂಡಿತರಿಗೆ ಗಂಗಾಬಲ್ ಪವಿತ್ರ ತೀರ್ಥ, ಹಿರಿಯರ ಅಸ್ಥಿ ಬಿಡುತ್ತಿದ್ದ ಜಾಗ. ಎಷ್ಟೋ ವರ್ಷ ನಿಂತಿದ್ದ ಯಾತ್ರೆ 2009ರಲ್ಲಿ ಮತ್ತೆ ಶುರುವಾಯಿತು. ಅಲ್ಲಿ ಸ್ಪೀಕರ್ ಹಾಕಿ ಕುಣಿಯುವ ಗುಂಪುಗಳನ್ನು ನೋಡಿ ನನಗೆ ನಿಜವಾಗಿಯೂ ಬೇಸರವಾಗಿದೆ. ದಯವಿಟ್ಟು ಬೇಡ.

ಈ ಕ್ಯಾಂಪ್‌ನಲ್ಲಿ ಕಸವೂ ಕಣ್ಣಿಗೆ ಬೀಳುತ್ತದೆ, ನಾರಾನಾಗ್ ಕಡೆಯಿಂದ ಜನ ಬರುವುದು ಜಾಸ್ತಿ. ನಿಮ್ಮ ಚಾಕೊಲೇಟ್ ಕಾಗದ ನಿಮ್ಮ ಜೇಬಿನಲ್ಲೇ ಇರಲಿ, ಸಾಧ್ಯವಾದರೆ ದಾರಿಯಲ್ಲಿ ಸಿಕ್ಕ ನಾಲ್ಕು ಬಾಟಲಿ ಎತ್ತಿಕೊಂಡು ಇಳಿಯಿರಿ. ಕೊನೆಯ ರಾತ್ರಿಯೇ ಅಡುಗೆಯವರಿಗೆ, ಕುದುರೆಯವರಿಗೆ, ಸಹಾಯಕರಿಗೆ ಭಕ್ಷೀಸು ಸೇರಿಸಿ ಕೊಟ್ಟುಬಿಡಿ. ಬೆಳಿಗ್ಗೆ ಕುದುರೆಯವರು ಮುಂದೆ ಹೊರಟುಬಿಡುತ್ತಾರೆ, ಆಮೇಲೆ ಸಿಗುವುದಿಲ್ಲ. ಮೇಲೆ ಎಟಿಎಂ ಇಲ್ಲ, ಹಾಗಾಗಿ ಶ್ರೀನಗರದಲ್ಲೇ ಚಿಲ್ಲರೆ ನೋಟು ಇಟ್ಟುಕೊಂಡಿರಿ.

ಕೊನೆಯ ದಿನದ ಇಳಿತಕ್ಕೆ ಹೊರಡುವ ಮೊದಲು ಉಗುರು ಕತ್ತರಿಸಿ, ಶೂ ಲೇಸ್ ಗಿಣ್ಣಿನ ಹತ್ತಿರ ಬಿಗಿಯಾಗಿ ಕಟ್ಟಿ, ಪೋಲ್ ಸ್ವಲ್ಪ ಉದ್ದ ಮಾಡಿಕೊಳ್ಳಿ. ಪೈನ್ ಕಾಡಿನೊಳಗೆ ದಾರಿ ಇಳಿಯುತ್ತಲೇ ಹೋಗುತ್ತದೆ, ಒಣಗಿದ ಪೈನ್ ಎಲೆ ಜಾರುತ್ತದೆ. ಇಲ್ಲೇ ಬೀಳುವವರು ಜಾಸ್ತಿ, ಟ್ರೆಕ್ ಮುಗಿಯಿತು ಅಂತ ಮನಸ್ಸು ಮನೆ ಕಡೆ ಓಡಿರುತ್ತದೆ. ನಾರಾನಾಗ್‌ನಲ್ಲಿ ಕಲ್ಲಿನ ಹಳೆಯ ಶಿವ ದೇವಾಲಯಗಳಿವೆ, 8ನೇ ಶತಮಾನದಲ್ಲಿ ಲಲಿತಾದಿತ್ಯ ರಾಜ ಕಟ್ಟಿಸಿದ್ದು ಅನ್ನುತ್ತಾರೆ. ಪಾಳುಬಿದ್ದಿದ್ದರೂ ಕಲ್ಲಿನ ಕೊಳದಲ್ಲಿ ಚಿಲುಮೆಯ ನೀರು ಇನ್ನೂ ಇದೆ. ಟ್ಯಾಕ್ಸಿ ಹತ್ತುವ ಮುಂಚೆ ಅರ್ಧ ಗಂಟೆ ಅಲ್ಲಿ ಕೂರಿ.

ಅವತ್ತೇ ರಾತ್ರಿಯ ವಿಮಾನಕ್ಕೆ ಟಿಕೆಟ್ ಮಾಡಬೇಡಿ, ಮಾರನೇ ದಿನ ಮಧ್ಯಾಹ್ನದ್ದು ಸರಿ. ಶ್ರೀನಗರ ವಿಮಾನ ನಿಲ್ದಾಣದಲ್ಲಿ ಗೇಟಿನಿಂದಲೇ ತಪಾಸಣೆ ಶುರು, ಮೂರು ಗಂಟೆ ಮೊದಲೇ ಅಲ್ಲಿರಿ. ಪೋಲ್‌ಗಳನ್ನು ಚೆಕ್-ಇನ್ ಚೀಲಕ್ಕೆ, ಪವರ್‌ಬ್ಯಾಂಕ್ ಕೈಚೀಲಕ್ಕೆ. ಇನ್ನು ನೆಟ್‌ವರ್ಕ್ ಬಂದ ಕೂಡಲೇ ಫೋಟೋ ಹಾಕುವ ಮೊದಲು ಮನೆಗೆ ಒಂದು ಕರೆ ಮಾಡಿ.